ಕಾಲುಚೀಲದ ಹಾವು

ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದವಳು ನಾನು. ರಕ್ತ, ಕೀವು, ವಾಂತಿ, ಇನ್ನೂ ಏನೇನೋ ಮೆತ್ತಿಕೊಂಡ ಹಾಸುಗಳನ್ನು ಇದೇ ಕೈಯಲ್ಲಿ ವಿಂಗಡಿಸಿ ಯಂತ್ರಕ್ಕೆ ತುಂಬಿದ್ದೇನೆ. ಆಮೇಲೆ ಆ ಕೈ ತೊಳೆದುಕೊಂಡು ಅಲ್ಲೇ ಕೂತು ಡಬ್ಬಿ ಬಿಚ್ಚಿ ಊಟವನ್ನೂ ಮಾಡಿದ್ದೇನೆ. ಕೊಳೆ ಕಂಡರೆ ಮುಖ ಸಿಂಡರಿಸುವವಳು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಸೊಸೆ ಬಂದವರೆದುರಿಗೆಲ್ಲ "ನಮ್ಮತ್ತೆಗೆ ಸ್ವಲ್ಪ ಅಸಹ್ಯ ಜಾಸ್ತಿ" ಎನ್ನುತ್ತಾಳೆ.

ಅವತ್ತು ಸಂಜೆ ಅವಳು ಸ್ಕೂಲಿನಿಂದ ಬಂದವಳೇ ಅಡುಗೆಮನೆಯ ಮೇಜಿನ ಮೇಲೆ ಒಂದು ಚೀಲ ಬೋರಲು ಹಾಕಿದಳು. ನಾನು ಅದೇ ಮೇಜಿನ ಮೇಲೆ ಆಲೂಗಡ್ಡೆ ಹೆಚ್ಚುತ್ತಿದ್ದೆ. ಬಿದ್ದವು ನೋಡಿ ಕಾಲುಚೀಲಗಳು. ಕರಿಯವು, ಬೂದು ಬಣ್ಣದವು, ಹೆಬ್ಬೆರಳಿನ ಜಾಗದಲ್ಲಿ ತೂತಾದವು, ಹಿಮ್ಮಡಿಯಲ್ಲಿ ರಟ್ಟಿನಂತೆ ಸೆಟೆದುಕೊಂಡವು. ಒಂದಕ್ಕೂ ಜೋಡಿಯಿಲ್ಲ. ಒಂದರೊಳಗೆ ಯಾರದೋ ಉಗುರಿನ ತುಂಡು ಬೇರೆ ಇತ್ತು.

"ಥೂ! ಏನೇ ಇದು?"

"ಹಾವು ಅತ್ತೆ."

"ಹಾವಾ?"

"ಇನ್ನೂ ಆಗಿಲ್ಲ, ಮಾಡ್ಬೇಕು. ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಹಾವು. ನೀವು ಒಗೆದು ಕೊಟ್ರೆ ನಾನು ಕಣ್ಣು ಹೊಲಿತೀನಿ."

"ಮನೇಲೇ ಒಗೆದು ಕಳ್ಸಿ ಅಂತ ಆ ತಾಯಂದ್ರಿಗೆ ಹೇಳೋಕಾಗ್ಲಿಲ್ವಾ?"

"ಹೇಳಿದ್ದೆ. ಇದು ಒಗೆದಿರೋದೇ ಅಂತ ಅವರು ಅಂದ್ರು."

ಹೆಚ್ಚಿದ ಆಲೂಗಡ್ಡೆಯನ್ನಷ್ಟೂ ನಾನು ಕಸಕ್ಕೆ ಹಾಕಿದೆ. ಯಜಮಾನರು ಬಾಗಿಲಲ್ಲಿ ನಿಂತು ನೋಡಿ, ಹೋಗಿ ಬ್ರೆಡ್ಡು ತಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಬ್ರೆಡ್ಡೇ ಊಟ.

ಸೊಸೆ ಎರಡನೇ ತರಗತಿಯ ಟೀಚರು. ನಾಲ್ಕು ವರ್ಷದಿಂದ ಅದೇ ಸ್ಕೂಲಿನಲ್ಲಿ ತಾತ್ಕಾಲಿಕ. ಪ್ರತಿ ಬೇಸಿಗೆ ರಜೆ ಬಂದಾಗಲೂ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರಬೇಕು. ಈ ಸಲ ಹೆಡ್ ಮಿಸ್ಸು ಅವಳನ್ನು ಕೋಣೆಗೆ ಕರೆದು, ತಿಂಗಳ ಕೊನೆಗೆ ಕಥೆಪುಸ್ತಕದ ದಿನ ಮಾಡುತ್ತೇವೆ, ಶಿಕ್ಷಣದ ಕಚೇರಿಯಿಂದ ಸಾಹೇಬರು ಬರುತ್ತಾರೆ, ನಿನ್ನ ಕ್ಲಾಸು ಅವರ ಕಣ್ಣಿಗೆ ಬಿದ್ದರೆ ಕೆಲಸ ಕಾಯಂ ಮಾಡಲು ನಾನೇ ಬರೆಯುತ್ತೇನೆ ಎಂದಿದ್ದಳಂತೆ. ಅಂದಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ.

ಪುಸ್ತಕದ ಹೆಸರು 'ಕಾಗೆಯ ಬಟನ್ ಅಂಗಡಿ'. ಹದಿನಾರೇ ಪುಟ, ತುಂಬ ಚಿತ್ರ. ಕಾಗೆಯೊಂದು ಅಲ್ಲಿ ಇಲ್ಲಿ ಬಿದ್ದ ಬಟನ್ನುಗಳನ್ನು ಹೆಕ್ಕಿ ಅಂಗಡಿ ಇಡುತ್ತದೆ. ಕೋಟಿನ ಬಟನ್ ಕಳೆದುಕೊಂಡ ಆನೆ ಬರುತ್ತದೆ, ಮೊಲ ಬರುತ್ತದೆ, ಕರಡಿ ಬರುತ್ತದೆ. ಕೊನೆಗೆ ಒಂದು ಹಾವಿನ ಮರಿ ಬಂದು ನನಗೂ ಒಂದು ಕೊಡು ಎನ್ನುತ್ತದೆ. ನಿನಗೆ ಕೋಟೇ ಇಲ್ಲವಲ್ಲ ಎಂದು ಕಾಗೆ ಕೇಳುತ್ತದೆ. ಒಳ್ಳೆಯ ಕಥೆ, ನಾನೇನೂ ಅನ್ನುವುದಿಲ್ಲ. ಆ ಕಥೆಯಿಂದ ಇವರು ಹಿಂಡಿ ತೆಗೆದದ್ದಿದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಕೈ ತೊಳೆಯಲು ಹೋಗುತ್ತೇನೆ.

ಮೊದಲು ಹಾವು. ಬಿಸಿನೀರಿನಲ್ಲಿ ಮೂರು ಸಲ ಮುಳುಗಿಸಿ ಒಗೆದರೂ ಆ ಕಾಲುಚೀಲಗಳ ವಾಸನೆ ಹೋಗಲಿಲ್ಲ. ಬಾಲ್ಕನಿಯ ಹಗ್ಗದ ಮೇಲೆ ಅವು ಎರಡು ದಿನ ಜೋತಾಡಿದವು. ಆಮೇಲೆ ಬಟನ್ನು. ಮಕ್ಕಳು ಮನೆಯ ಹಳೇ ಶರ್ಟುಗಳಿಂದ ಕಿತ್ತು ತಂದರು, ಎಷ್ಟೋ ಬಟನ್ನಿಗೆ ಜಿಡ್ಡಿನ ದಾರ ಹಾಗೇ ಅಂಟಿಕೊಂಡಿತ್ತು. ಆಮೇಲೆ ಅಂಗಡಿಯ ಗೋಡೆ ಕಟ್ಟಲು ಐಸ್‌ಕ್ರೀಮಿನ ಕಡ್ಡಿಗಳು. ಚೀಪಿ ಚೀಪಿ ಬಿಸಾಡಿದವೇ ಇರಬೇಕು, ಚೀಲದ ತುಂಬ ಇರುವೆ. ಅಂಟು ಸಾಲದೆ ನನ್ನ ಹಿಟ್ಟಿನ ಡಬ್ಬಿಗೆ ಕೈ ಹಾಕಿ ಗಂಜಿ ಕಾಯಿಸಿದರು, ಅದು ಎರಡೇ ದಿನಕ್ಕೆ ಹುಳಿಬಂದು ನೊಣ ಕರೆಯಿತು. ಎಲ್ಲಕ್ಕಿಂತ ಕೊನೆಗೆ ಮಿನುಗುಪುಡಿ. ಆ ಹಾಳು ಪುಡಿ ಒಂದು ಸಲ ಮನೆಯೊಳಗೆ ಬಂದರೆ ಮತ್ತೆ ಹೊರಗೆ ಹೋಗುವುದಿಲ್ಲ. ಅನ್ನದಲ್ಲಿ ಮಿನುಗು, ಹಾಲಿನ ಕೆನೆಯ ಮೇಲೆ ಮಿನುಗು, ನನ್ನ ಯಜಮಾನರ ಹುಬ್ಬಿನಲ್ಲಿ ಮಿನುಗು.

"ಮಕ್ಕಳ ಚಟುವಟಿಕೆ ಅಂತೀಯ, ಮಾಡ್ತಿರೋರು ನಾವು. ಮಕ್ಕಳೇನು ಮಾಡ್ತಾರೆ?" ಎಂದು ನಾನು ಕೇಳಿದೆ.

"ಅಂಟಿಸ್ತಾರೆ."

"ಓದೋದು ಯಾವಾಗ?"

"ಅಂಟಿಸ್ತಾ ಅಂಟಿಸ್ತಾ ಓದು ತಾನಾಗೇ ಬರುತ್ತೆ ಅತ್ತೆ. ನಮಗೆ ಟ್ರೈನಿಂಗಲ್ಲಿ ಹಾಗೇ ಹೇಳಿದ್ದು. ಆಮೇಲೆ ತಪ್ಪು ಅನ್ನೋ ಮಾತೇ ನಮ್ಮ ಕ್ಲಾಸಲ್ಲಿಲ್ಲ. ತಪ್ಪು ಅಂದ್ರೆ ಮಗು ಮುದುಡಿ ಹೋಗುತ್ತೆ."

"ಹಾಗಾದ್ರೆ ಸರಿ ಅನ್ನೋದು ಯಾವುದಕ್ಕೆ?"

"ಎಲ್ಲದಕ್ಕೂ."

ಇವಳ ಮಗಳು, ನನ್ನ ಮೊಮ್ಮಗಳು, ಇವಳ ಕ್ಲಾಸಿನಲ್ಲೇ ಇದ್ದಾಳೆ. ಏಳು ವರ್ಷ. ಬೆಳಗ್ಗೆ ಕಣ್ಣು ಬಿಟ್ಟಾಗಿನಿಂದ ಬಾಯಿ ಮುಚ್ಚುವುದಿಲ್ಲವಾದ್ದರಿಂದ ನಾವೆಲ್ಲ ಅವಳನ್ನು ಪಿಟಿಪಿಟಿ ಎಂದೇ ಕರೆಯುವುದು. ಅವಳ ಪ್ರಗತಿ ಪುಸ್ತಕದಲ್ಲಿ ಓದಿನ ಮುಂದೆ ಮೂರು ನಕ್ಷತ್ರ. ಆ ಕಾಗೆಯ ಕಥೆಯನ್ನು ತಾತನ ಪಕ್ಕ ಕೂತು ಮೊದಲಿನಿಂದ ಕೊನೆಯವರೆಗೆ, ಸಾಲಿನ ಕೆಳಗೆ ಬೆರಳಾಡಿಸುತ್ತ, ಗಿಣಿಯಂತೆ ಓದುತ್ತಿದ್ದಳು. ಕೇಳಿ ನಾನೂ ಬೀಗಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಎರಡನೇ ವಾರ ಸೊಸೆ ಮನೆಯ ತುಂಬ ಚೀಟಿ ಅಂಟಿಸಿದಳು. ಬಾಗಿಲಿಗೆ 'ಬಾಗಿಲು', ಕಿಟಕಿಗೆ 'ಕಿಟಕಿ', ಫ್ರಿಜ್ಜಿಗೆ 'ಫ್ರಿಜ್'. ಕ್ಲಾಸಿನಲ್ಲಿ ಹೀಗೆ ಮಾಡುವ ಮೊದಲು ಮನೆಯಲ್ಲಿ ಒಂದು ತಾಲೀಮಂತೆ. ಪಿಟಿಪಿಟಿ ಓಡಾಡಿಕೊಂಡು ಒಂದೊಂದನ್ನೂ ಮುಟ್ಟಿ ಓದುತ್ತಿದ್ದಳು, ಅವಳಮ್ಮ ಚಪ್ಪಾಳೆ ತಟ್ಟುತ್ತಿದ್ದಳು. ಭಾನುವಾರ ನಾನು ಅಡುಗೆಮನೆ, ಬಚ್ಚಲು ಎಲ್ಲ ಬಿಸಿನೀರಿನಲ್ಲಿ ತೊಳೆದಾಗ ಹಬೆಗೆ ನಾಲ್ಕಾರು ಚೀಟಿ ಉದುರಿದವು. ನನ್ನ ಕನ್ನಡಕ ಆ ದಿನ ಮಗನ ಅಂಗಡಿಯಲ್ಲಿತ್ತು. ಮಗ ಕನ್ನಡಕದ ಗಾಜು ಉಜ್ಜುವ ಕೆಲಸದವನು. ಊರವರ ಕನ್ನಡಕ ಅರ್ಧ ದಿನದಲ್ಲಿ ಸರಿಮಾಡುತ್ತಾನೆ, ಹೆತ್ತವಳದಕ್ಕೆ ಮೂರು ವಾರ. ಕೈಗೆ ಸಿಕ್ಕ ಚೀಟಿಯನ್ನು ಕಂಡಲ್ಲಿ ಮೆತ್ತಿ ಸುಮ್ಮನಾದೆ.

ಮಧ್ಯಾಹ್ನ ಯಜಮಾನರು ಫ್ರಿಜ್ಜಿನ ಮುಂದೆ ನಿಂತು ನಗುತ್ತಿದ್ದರು. "ನೋಡು ನಿಮ್ಮಜ್ಜಿ ಕೆಲ್ಸಾನ. ಪುಟ್ಟಿ, ಇಲ್ಲಿ ಏನು ಬರ್ದಿದೆ ಓದು."

ಪಿಟಿಪಿಟಿ ಬಂದಳು, ಬೆರಳಿಟ್ಟಳು, "ಫ್ರಿಜ್" ಎಂದಳು.

ಯಜಮಾನರ ನಗು ಅಲ್ಲೇ ನಿಂತಿತು. ಅಲ್ಲಿದ್ದದ್ದು 'ಕನ್ನಡಿ' ಎಂಬ ಚೀಟಿ. ಅವರು ಮಗುವಿನ ಕೈ ಹಿಡಿದು ಬಾಗಿಲಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ನಾನು 'ಸಕ್ಕರೆ' ಮೆತ್ತಿದ್ದೆ. "ಬಾಗಿಲು" ಎಂದಳು ಪಿಟಿಪಿಟಿ, ತಡವರಿಸದೆ. ಸಕ್ಕರೆ ಡಬ್ಬಿಯ ಮೇಲೆ ಯಾವ ಚೀಟಿಯೂ ಇರಲಿಲ್ಲ. ಅದನ್ನೂ ಮುಟ್ಟಿ "ಸಕ್ಕರೆ" ಎಂದು ಓದಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಆಡಲು ಓಡಿದಳು.

"ಇವಳಿಗೆ ಒಂದಕ್ಷರ ಬರಲ್ಲ ಕಣೇ," ಎಂದರು ಯಜಮಾನರು. ಅವರ ದನಿ ಅಷ್ಟು ಚಿಕ್ಕದಾಗಿದ್ದನ್ನು ನಾನು ಕೇಳಿರಲಿಲ್ಲ. "ಆ ಪುಸ್ತಕ ನಾನು ದಿನಾ ಓದಿ ಹೇಳ್ತಿದ್ದೆನಲ್ಲ, ಅದನ್ನ ಬಾಯಿಪಾಠ ಮಾಡ್ಕೊಂಡಿದಾಳೆ."

ಸೊಸೆ ಹಾವುಗಳ ನಾಲಿಗೆಗೆ ಕೆಂಪು ಬಟ್ಟೆ ತರಲು ಅಂಗಡಿಗೆ ಹೋಗಿದ್ದಳು. ಮಗ ಊಟಕ್ಕೆ ಬಂದಾಗ ಅವನ ಮುಂದೆ ತಟ್ಟೆಯಿಟ್ಟು ಹೇಳಿದೆ.

ಅವನು ಎರಡು ತುತ್ತು ನುಂಗಿ ಆಮೇಲೆ ಬಾಯಿಬಿಟ್ಟ. "ಅಮ್ಮ, ಈಗ ಅವಳಿಗೆ ಹೇಳ್ಬೇಡ."

"ಯಾಕೋ?"

"ಇನ್ನು ಹನ್ನೆರಡು ದಿನ. ಸಾಹೇಬ್ರ ಮುಂದೆ ಓದೋಕೆ ಪಿಟಿಪಿಟೀನೇ ಆರಿಸಿದಾರೆ. ಈಗ ಹೇಳಿದ್ರೆ ಅವಳು ಕೈಕಾಲು ಬಿಡ್ತಾಳೆ. ಕಾಯಂ ಆಗೋದು ತಪ್ಪಿದ್ರೆ ನೀನು ಜವಾಬ್ದಾರೀನಾ?"

"ಓದೋಕೇ ಬರದ ಮಗೂನ ಓದೋಕೆ ನಿಲ್ಲಿಸ್ತೀರಾ? ನಾಚಿಕೆ ಆಗಲ್ವೇನೋ?"

"ಬಾಯಿಪಾಠ ಬರುತ್ತಲ್ಲ! ಯಾರಿಗೆ ಗೊತ್ತಾಗುತ್ತೆ? ಮುಗೀಲಿ, ಆಮೇಲೆ ಕೂತು ಕಲಿಸೋಣ. ಇನ್ನೂ ಏಳು ವರ್ಷ ಅಷ್ಟೇ ಅದಕ್ಕೆ."

ಯಜಮಾನರು ನನ್ನ ಮುಖ ನೋಡಿದರು. ನಾನು ಮಗನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿದೆ. ಅಷ್ಟೇ. ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡೆ. ಕಾಯಂ ಕೆಲಸದ ಆಸೆ ನನಗೂ ಇತ್ತು, ಅದನ್ನು ಮುಚ್ಚಿಟ್ಟು ನಾನೇನೂ ದೊಡ್ಡವಳಾಗಬೇಕಿಲ್ಲ.

ಆದರೂ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಮರುದಿನ ಪಿಟಿಪಿಟಿಯನ್ನು ಪಕ್ಕ ಕೂರಿಸಿಕೊಂಡು ಸ್ಲೇಟಿನಲ್ಲಿ ನಾಲ್ಕಕ್ಷರ ಬರೆದು ಓದಿಸಲು ಹೋದರೆ, ಅವಳು ಸ್ಲೇಟು ನೋಡಲೇ ಇಲ್ಲ, ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಸೊಸೆ ಒಳಗೆ ಬಂದು, "ಅತ್ತೆ, ಹೀಗೆಲ್ಲ ಅಕ್ಷರ ತಿದ್ದಿಸ್ಬೇಡಿ, ಅದು ಹಳೇ ಪದ್ಧತಿ. ಪಿಟಿ, ಬಾ, ಕಾಗೆ ಟೋಪಿಗೆ ಪುಕ್ಕ ಅಂಟಿಸು," ಎಂದು ಕರೆದುಕೊಂಡು ಹೋದಳು.

ಮೂರನೇ ವಾರ ನಡೆದದ್ದು ಯಜಮಾನರಿಗೆ ಬಿದ್ದ ಪೆಟ್ಟು. ಅವರು ಸಾರ್ವಜನಿಕ ಗ್ರಂಥಾಲಯದ ಬೈಂಡಿಂಗ್ ಕೋಣೆಯಲ್ಲಿ ಮೂವತ್ತಾರು ವರ್ಷ ಪುಸ್ತಕ ಹೊಲಿದವರು. ಈಗ ಬೆರಳ ಗಂಟುಗಳು ಊದಿಕೊಂಡಿವೆ, ಆದರೂ ಹರಿದ ಪುಸ್ತಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಅವರು ಸಂಜೆ ನಡೆದಾಡಿ ಬಂದು ನೋಡಿದರೆ ಸೊಸೆ ನೆಲದ ಮೇಲೆ ಕೂತು ಕತ್ತರಿ ಹಿಡಿದು 'ಕಾಗೆಯ ಬಟನ್ ಅಂಗಡಿ'ಯಿಂದ ಆನೆಯನ್ನು ಕತ್ತರಿಸುತ್ತಿದ್ದಳು. ಸ್ಕೂಲು ಕೊಟ್ಟಿದ್ದ ಐದು ಪ್ರತಿಗಳಲ್ಲಿ ನಾಲ್ಕು ಆಗಲೇ ಚೂರಾಗಿದ್ದವು. ಕಥೆಯ ಸರಪಳಿ ಎಂದು ಚಿತ್ರಗಳನ್ನು ದಾರಕ್ಕೆ ಪೋಣಿಸಿ ಕ್ಲಾಸಿನ ಚಾವಣಿಯಿಂದ ಇಳಿಬಿಡುವುದಿತ್ತಂತೆ.

"ಅಯ್ಯೋ, ಏನಮ್ಮಾ ಮಾಡ್ತಿದ್ದೀಯ!" ಎಂದರು.

"ಮಾವ, ಪುಸ್ತಕಕ್ಕೆ ಜೀವ ಕೊಡ್ತಿದ್ದೀವಿ."

"ಕತ್ತರೀಲಾ?"

"ಪುಸ್ತಕ ಪೂಜೆಗಿಟ್ಟಿರೋದಲ್ಲ ಮಾವ. ಮಕ್ಕಳು ಬಳಸ್ಬೇಕು."

"ಬಳಸೋದು ಅಂದ್ರೆ ಓದೋದು ಕಣಮ್ಮ. ಇದು ಕಸಾಯಿ ಕೆಲ್ಸ."

ಸೊಸೆಯ ಕಣ್ಣು ತುಂಬಿತು. "ಆಗ್ಲಿ ಬಿಡಿ, ನಾನು ಕಸಾಯೀನೇ. ನಿಮಗೆ ಪಿಂಚಣಿ ಬರುತ್ತೆ, ಅದಕ್ಕೆ ಈ ಮಾತು. ಪ್ರತಿ ಬೇಸಿಗೇಲಿ ಆ ಹೆಡ್ ಮಿಸ್ ಮುಂದೆ ಕೈಕಟ್ಟಿಕೊಂಡು ನಿಲ್ಲೋಳು ನಾನು." ಅಷ್ಟು ಹೇಳಿ ಮೂಗು ಒರೆಸಿಕೊಂಡು ಮತ್ತೆ ಕತ್ತರಿ ಎತ್ತಿಕೊಂಡಳು. ಹಾವಿನ ಚಿತ್ರ ಒಂದು ಕಡಿಮೆ ಬಿತ್ತೆಂದು ಐದನೆಯ ಪ್ರತಿಯ, ಅಂದರೆ ಪಿಟಿಪಿಟಿ ದಿನಾ ಓದುತ್ತಿದ್ದ ಪ್ರತಿಯ, ಕೊನೆಯ ಹಾಳೆಯನ್ನೂ ಕತ್ತರಿಸಿಬಿಟ್ಟಳು. ಕೂಡಲೇ ಆ ಪುಸ್ತಕದ ಮೊದಲ ಹಾಳೆಯೂ ಕೈಗೆ ಬಂತು. ಇಂಥ ತೆಳು ಪುಸ್ತಕದಲ್ಲಿ ಮೊದಲಿನದೂ ಕೊನೆಯದೂ ಒಂದೇ ಹಾಳೆಯ ಎರಡು ಮಡಿಕೆ, ಒಂದನ್ನು ಕತ್ತರಿಸಿದರೆ ಇನ್ನೊಂದಕ್ಕೆ ಹಿಡಿತವಿರುವುದಿಲ್ಲ ಎಂದು ಯಜಮಾನರು ಬೈಯುತ್ತಲೇ ಅದನ್ನು ಎತ್ತಿಕೊಂಡು ಹೋದರು.

ಎರಡು ದಿನ ಅವರು ಆ ಪುಸ್ತಕದ ಮುಂದೆ ಕೂತರು. ಇಲ್ಲದ ಹಾಳೆಯ ಜಾಗಕ್ಕೆ ಅದೇ ಅಳತೆಯ ಬಿಳಿ ಹಾಳೆಯೊಂದನ್ನು ಕೊಟ್ಟು, ಮೊದಲ ಹಾಳೆಗೆ ಜೋಡಿಸಿ ಹೊಲಿದರು. ಗ್ರಂಥಾಲಯದಲ್ಲಿ ಅದೇ ರೂಢಿಯಂತೆ. ಪುಟ ಕಳೆದುಹೋದರೆ ಬಿಳಿ ಹಾಳೆ ಇಡುವುದು, ಮುಂದೆ ಯಾವತ್ತಾದರೂ ಆ ಪುಟದಲ್ಲಿದ್ದದ್ದು ಸಿಕ್ಕರೆ ಬರೆದುಕೊಳ್ಳಲಿ ಎಂದು. ದಪ್ಪ ರಟ್ಟು ಹಾಕಿ, ನೀಲಿ ಬಟ್ಟೆಯ ಬೆನ್ನು ಕೊಟ್ಟರು. ಪುಸ್ತಕ ಹೊಸದಕ್ಕಿಂತ ಚೆನ್ನಾಯಿತು.

"ಕೊನೇ ಪುಟದ ನಾಲ್ಕು ಸಾಲು ನಿನ್ನ ಕೈಲೇ ಬರ್ದುಬಿಡಮ್ಮ, ನನ್ನ ಬೆರಳು ಆಡಲ್ಲ," ಎಂದು ಸೊಸೆಗೆ ಕೊಟ್ಟರು.

"ಆಯ್ತು ಮಾವ, ಬರೀತೀನಿ," ಎಂದಳು. ಅವಳ ಎರಡೂ ಕೈ ಅಂಟಿನಲ್ಲಿ ಮುಳುಗಿದ್ದವು. ಬರೆಯಲಿಲ್ಲ.

ಕಥೆಪುಸ್ತಕದ ದಿನ ನಾನೂ ಸ್ಕೂಲಿಗೆ ಹೋದೆ. ಹಾವುಗಳ ಚೀಲ ಹೊರಲು ಒಬ್ಬರು ಬೇಕಿತ್ತು. ಎರಡನೇ ತರಗತಿಯ ಕೋಣೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಮೇಲಿಂದ ಆನೆ, ಮೊಲ, ಕರಡಿಯ ತುಂಡುಗಳು ನೇತಾಡುತ್ತಿದ್ದವು, ಮಕ್ಕಳೆಲ್ಲ ಕಾಗೆ ಟೋಪಿಯೊಳಗೆ ಬೆವರುತ್ತಿದ್ದರು. ಒಂದು ಮಗು ತನ್ನ ಹಾವನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು. ಅದು ಯಾರ ಕಾಲಿನದೋ ಎಂದು ನೆನೆದು ನಾನು ಮುಖ ತಿರುಗಿಸಿದೆ. ಹೆಡ್ ಮಿಸ್ಸು ಓಡಾಡಿ ಎಲ್ಲರ ಕುತ್ತಿಗೆಗೆ ಸೆಂಟು ಹೊಡೆದಳು.

ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಒಳ್ಳೆಯ ಇಸ್ತ್ರಿಯ ಶರ್ಟು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಎಲ್ಲ ಚಟುವಟಿಕೆಗೂ ತಲೆಯಾಡಿಸಿದರು. ಕೊನೆಗೆ ಪಿಟಿಪಿಟಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿದರು. ಇದ್ದುದರಲ್ಲಿ ಅಂದವಾಗಿ ಕಂಡ ಪುಸ್ತಕವೆಂದು ಹೆಡ್ ಮಿಸ್ಸು ಆ ನೀಲಿ ಬೆನ್ನಿನದನ್ನೇ ಅವಳ ಕೈಗಿತ್ತಳು. ಸೊಸೆ ಪಕ್ಕದಲ್ಲಿ ಮೈಕು ಹಿಡಿದಳು. ನಾನು ಹಾವಿನ ಖಾಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಅವರ ಹಿಂದೆ, ಗೋಡೆಯ ಬೆಂಚಿನಲ್ಲಿದ್ದೆ. ಅಲ್ಲಿಂದ ಪುಸ್ತಕದ ಪುಟಗಳು ನನಗೆ ಚೆನ್ನಾಗಿ ಕಾಣುತ್ತಿದ್ದವು. ಕನ್ನಡಕ ಬಂದು ಆಗಲೇ ವಾರವಾಗಿತ್ತು.

ಮಗು ಓದಿತು. ಸಾಲಿನ ಕೆಳಗೆ ಬೆರಳಾಡಿಸುತ್ತ, ಏರಿಳಿಸಿ, ಆನೆಗೊಂದು ದನಿ ಮೊಲಕ್ಕೊಂದು ದನಿ ಮಾಡಿ ಓದಿತು. ಹದಿನಾಲ್ಕನೆಯ ಪುಟ ಮುಗಿಸಿ ಬೆರಳನ್ನು ಎದುರಿನ ಪುಟಕ್ಕೆ ಒಯ್ದಿತು.

ಬಿಳೀ ಹಾಳೆ. ಒಂದು ಚುಕ್ಕೆ ಕೂಡ ಇರಲಿಲ್ಲ.

ಪಿಟಿಪಿಟಿ ನಿಲ್ಲಲಿಲ್ಲ. ಬೆರಳನ್ನು ಎಡಗಡೆಯಿಂದ ಬಲಗಡೆಗೆ ಎಳೆದಳು. "'ನಿನಗೆ ಕೋಟೇ ಇಲ್ಲವಲ್ಲ!' ಎಂದಿತು ಕಾಗೆ." ಬೆರಳು ಕೆಳಗೆ ಇಳಿದು ಮತ್ತೆ ಎಡಗಡೆಗೆ ಬಂತು. "'ಕೋಟು ಇಲ್ಲದಿದ್ದರೇನು, ಮೂಗು ಇದೆಯಲ್ಲ!' ಎಂದಿತು ಹಾವು." ಇನ್ನೊಂದು ಸಾಲು. "ಹಾವು ಬಟನ್ನನ್ನು ಮೂಗಿನ ಮೇಲಿಟ್ಟುಕೊಂಡು ಕುಣಿಯುತ್ತ ಮನೆಗೆ ಹೋಯಿತು." ಬೆರಳು ಎಲ್ಲಿಯೂ ತಪ್ಪಲಿಲ್ಲ. ಇಲ್ಲದ ಸಾಲು ಮುಗಿದಲ್ಲಿ ನಿಂತು, ಇಲ್ಲದ ಸಾಲು ಶುರುವಾದಲ್ಲಿ ಶುರುಮಾಡಿತು.

ಸೊಸೆಯೂ ನೋಡಿದಳು. ಹಾಳೆಯನ್ನೂ, ಅದರ ಮೇಲೆ ಓಡುವ ಬೆರಳನ್ನೂ, ತನ್ನ ಮಗಳ ಮುಖವನ್ನೂ ನೋಡಿದಳು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಟ್ಟಿದಳು. ನಾನೂ ತಟ್ಟಿದೆ. ಥೂ ನಮ್ಮ ಜನ್ಮಕ್ಕೆ.

"ಎಲ್ಲಿ, ಪುಸ್ತಕ ಕೊಡು ಮರಿ," ಎಂದರು ಸಾಹೇಬರು. ಬೈಂಡು ಸವರಿ ಮೆಚ್ಚಿದರು. ಪುಟ ತಿರುಗಿಸುತ್ತ ಕೊನೆಗೆ ಬಂದರು. "ಇದೇನಿದು, ಖಾಲಿ?"

ಹೆಡ್ ಮಿಸ್ಸಿನ ಮುಖ ಇಷ್ಟೇ ಇಷ್ಟಾಯಿತು. ಸೊಸೆ ಮೈಕನ್ನು ಕಂಕುಳಿನಿಂದ ತೆಗೆದು ಮುಂದೆ ಬಂದಳು.

"ಅದೂ ಒಂದು ಚಟುವಟಿಕೆ ಸರ್. ಕೊನೇ ಪುಟ ತೆಗೆದು ಬಿಳೀ ಹಾಳೆ ಇಡ್ತೀವಿ. ಕೊನೆ ಏನಾಗುತ್ತೆ ಅನ್ನೋದನ್ನ ಮಗು ತಾನೇ ಕಟ್ಟಿ ಹೇಳುತ್ತೆ."

"ಅಂದ್ರೆ ಈಗ ಈ ಮಗು ಹೇಳಿದ್ದು..."

"ಅವಳೇ ಕಟ್ಟಿದ್ದು ಸರ್."

"ಅದ್ಭುತ!" ಎಂದರು ಸಾಹೇಬರು. ಜೇಬಿನಿಂದ ಪುಟ್ಟ ಡೈರಿ ತೆಗೆದು ಬರೆದುಕೊಂಡರು. "ಎಲ್ಲಾ ಸ್ಕೂಲಲ್ಲೂ ಮಾಡಿಸ್ಬೇಕು ಇದನ್ನ."

ಆ ಸಂಜೆ ಮಗ ಸಿಹಿ ತಂದಿದ್ದ. ಪಿಟಿಪಿಟಿ ಎರಡು ತಿಂದು, ಸಾಹೇಬರು ತನ್ನ ಕೆನ್ನೆ ಹಿಂಡಿದ್ದನ್ನು ಹತ್ತು ಸಲ ಹೇಳಿದಳು. ಸೊಸೆ ತಟ್ಟೆಯ ಮುಂದೆ ಕೂತು ಅನ್ನದಿಂದ ಮಿನುಗು ಆರಿಸುತ್ತಿದ್ದಳು.

"ಬರೀತೀನಿ ಅಂದಿದ್ದೆಯಲ್ಲಮ್ಮ," ಎಂದರು ಯಜಮಾನರು.

"ಮರ್ತೆ ಮಾವ."

"ಇವಳಿಗೆ ಓದೋಕೆ ಬರಲ್ಲ ಅನ್ನೋದು ಕಾಣಿಸ್ತಾ?" ಎಂದೆ ನಾನು.

ಸೊಸೆ ತಲೆಯೆತ್ತಲಿಲ್ಲ. "ನಿಮಗೆ ಮೊದಲೇ ಗೊತ್ತಿತ್ತಾ?"

ಮಗ ಸಿಹಿಯ ಡಬ್ಬಿಯನ್ನು ಅವಳತ್ತ ಸರಿಸಿದ.

"ನಿಮಗೆಲ್ಲಾ ಗೊತ್ತಿತ್ತು!" ಅವಳು ತಟ್ಟೆ ನೂಕಿದಳು. "ನನ್ನೊಬ್ಬಳನ್ನ ಬಿಟ್ಟು!"

"ನೀನು ಟೀಚರು ಕಣೇ," ಎಂದೆ. "ಮೂರು ನಕ್ಷತ್ರ ಕೊಟ್ಟೋಳು ನೀನು."

"ಸಾಕು ಬಿಡಮ್ಮ," ಎಂದ ಮಗ. "ಮುಗೀತಲ್ಲ. ಇನ್ನು ಕಲಿಸಿದ್ರಾಯ್ತು."

ಕಲಿಸಲಿಲ್ಲ. ಒಂದು ವಾರ ಮನೆ ತೊಳೆಯುವುದರಲ್ಲಿ ಹೋಯಿತು. ಇನ್ನೊಂದು ವಾರ ಸೊಸೆಗೆ ಅಭಿನಂದನೆ ಹೇಳಲು ಬಂದವರಿಗೆ ಚಹಾ ಕಾಯಿಸುವುದರಲ್ಲಿ ಹೋಯಿತು. ಕೆಲಸ ಕಾಯಂ ಎಂಬ ಕಾಗದ ಬಂತು. ಅದರ ಹಿಂದೆಯೇ, ಕಚೇರಿಯ ಸುತ್ತೋಲೆಯೂ ಬಂತು: ಪ್ರತಿ ಶಾಲೆಯೂ ಕಥೆಪುಸ್ತಕಗಳ ಕೊನೆಯ ಹಾಳೆ ತೆಗೆದು ಬಿಳಿ ಹಾಳೆ ಇಡತಕ್ಕದ್ದು. ಶನಿವಾರ ಮಧ್ಯಾಹ್ನ ಸ್ಕೂಲಿನ ಆಟೋ ನಮ್ಮ ಬಾಗಿಲಿಗೆ ಬಂದು ಎರಡು ರಟ್ಟಿನ ಪೆಟ್ಟಿಗೆ ಇಳಿಸಿ ಹೋಯಿತು. ಮೂವತ್ತೆಂಟು ಹೊಸ ಪುಸ್ತಕ, ಇನ್ನೂ ಮಸಿಯ ವಾಸನೆ ಆರದವು. 'ನಿಮ್ಮ ಮಾವನವರ ಕೈಕೆಲಸ ಬಹಳ ಅಚ್ಚುಕಟ್ಟು' ಎಂದು ಹೆಡ್ ಮಿಸ್ಸಿನ ಚೀಟಿ ಬೇರೆ.

ಯಜಮಾನರು ಚೀಟಿ ಓದಿ ಮಡಚಿ ಪೆಟ್ಟಿಗೆಯ ಮೇಲಿಟ್ಟರು. "ನಾನು ಹರಿದದ್ದನ್ನ ಹೊಲಿಯೋನು. ಹರಿಯೋ ಕೆಲ್ಸ ಮಾಡಲ್ಲ."

"ಮಾವ, ಸೋಮವಾರ ಕೊಡ್ಬೇಕು. ಇದು ಆರ್ಡರು."

"ನಾನು ಮಾಡಲ್ಲ ಅಂದೆ."

"ಹಾಗಾದ್ರೆ ನಾನೇ ಮಾಡ್ತೀನಿ," ಎಂದು ಸೊಸೆ ಅವರ ಬ್ಲೇಡು ತೆಗೆದುಕೊಂಡು ನೆಲದ ಮೇಲೆ ಕೂತಳು. ಮೊದಲ ಪುಸ್ತಕದ ಕೊನೆಯ ಹಾಳೆ ಸರ್ರನೆ ಬಂತು. ಬಿಳಿ ಹಾಳೆಯೊಂದನ್ನು ಅಂಟಿಸಿ ಪಕ್ಕಕ್ಕಿಟ್ಟಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗುವವಳಿದ್ದೆ.

ಪಿಟಿಪಿಟಿ ಹೊರಗಿನಿಂದ ಓಡಿಬಂದಳು. ಪಕ್ಕಕ್ಕಿಟ್ಟ ಪುಸ್ತಕವನ್ನು ಎತ್ತಿಕೊಂಡಳು. ಅವಳು ಹಿಂದೆಂದೂ ಕಾಣದ ಪುಸ್ತಕ. ಮೊದಲ ಪುಟ ತೆರೆದಳು, ಸುಮ್ಮನಿದ್ದಳು. ಎರಡನೆಯದು ತೆರೆದಳು, ಸುಮ್ಮನಿದ್ದಳು. ಎಲ್ಲವನ್ನೂ ಬೇಗ ಬೇಗ ಮಗುಚಿ ಕೊನೆಯ ಬಿಳಿ ಹಾಳೆಗೆ ಬಂದಳು. ಅಲ್ಲಿ ಬೆರಳಿಟ್ಟು ಗಟ್ಟಿಯಾಗಿ ಶುರುಮಾಡಿದಳು. "ಹಾವು ಬಟನ್ನನ್ನು ಮೂಗಿನ ಮೇಲಿಟ್ಟುಕೊಂಡು..."

"ಪಿಟಿ, ಅದು ಆ ಪುಸ್ತಕ ಅಲ್ಲ," ಎಂದಳು ಅವಳಮ್ಮ.

"ಆದ್ರೆ ಈ ಪುಟ ನಂಗೆ ಓದೋಕೆ ಬರುತ್ತೆ." ಮಗು ಪುಸ್ತಕವನ್ನು ಅಮ್ಮನ ಮಡಿಲಿಗೆ ಹಾಕಿತು. "ಅಮ್ಮ, ಬೇರೆ ಪುಟಗಳನ್ನೂ ಹೀಗೇ ಮಾಡ್ಕೊಡು. ಆಗ ಎಲ್ಲಾ ಓದ್ತೀನಿ."

ಸೊಸೆಯ ಕೈಯಲ್ಲಿ ಬ್ಲೇಡು ಇತ್ತು. ಅದನ್ನು ಕೆಳಗಿಟ್ಟಳು. ಅಂಟು ಮೆತ್ತಿದ ಬೆರಳುಗಳನ್ನು ಸೀರೆಗೆ ಒರೆಸಿಕೊಂಡಳು. ಮುಟ್ಟದ ಹೊಸ ಪುಸ್ತಕವೊಂದನ್ನು ಪೆಟ್ಟಿಗೆಯಿಂದ ತೆಗೆದಳು. ಮೇಲೆ ಮಳೆಯಲ್ಲಿ ಕೊಡೆ ಹಿಡಿದ ಕಪ್ಪೆಯ ಚಿತ್ರವಿತ್ತು. ಅವಳು ಚಿತ್ರವನ್ನು ಅಂಗೈಯಿಂದ ಮುಚ್ಚಿ, ಮೊದಲ ಪದದ ಕೆಳಗೆ ಬೆರಳಿಟ್ಟಳು.

"ಇದನ್ನ ಓದು."

ಪಿಟಿಪಿಟಿ ಅಮ್ಮನ ಮುಖ ನೋಡಿದಳು. ಆಮೇಲೆ ನನ್ನದು. ಆಮೇಲೆ ತಾತನದು. ಯಾರ ತುಟಿಯೂ ಅಲುಗಲಿಲ್ಲ.

"ಕೊಡೆ," ಎಂದಳು.

ಅಲ್ಲಿ 'ಮಳೆ' ಎಂದಿತ್ತು.

"ತಪ್ಪು," ಎಂದಳು ಸೊಸೆ.

ಆ ಮಾತನ್ನು ಮಗು ಅಮ್ಮನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಅದರ ಕೆಳತುಟಿ ನಡುಗಿತು, ಆಮೇಲೆ ದೊಡ್ಡ ದನಿ ತೆಗೆದು ಅಳತೊಡಗಿತು. ಎತ್ತಿಕೊಳ್ಳಲು ನಾನು ಮುಂದೆ ಹೋದೆ. ಯಜಮಾನರು ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ಅಳು, ಪರವಾಗಿಲ್ಲ," ಎಂದಳು ಸೊಸೆ. ಅವಳೂ ಅಳುತ್ತಿದ್ದಳು, ಆದರೆ ಬೆರಳನ್ನು ಆ ಪದದ ಕೆಳಗಿನಿಂದ ತೆಗೆಯಲಿಲ್ಲ. "ಇದು 'ಮ'. ಇಲ್ಲಿ ನೋಡು. ನನ್ನ ಮುಖ ಅಲ್ಲ, ಇಲ್ಲಿ."